ಬೆಲ್ಲದ ಪ್ಯಾಕೆಟ್ ಮೇಲೆ ಏನು ಬರೆಸಲಿ?

ಪಾಂಡವಪುರದ ಹತ್ತಿರ ಆಲೆಮನೆ ನಡೆಸುವ ಓದುಗರೊಬ್ಬರ ಪತ್ರ ಬಂದಿದೆ. ಬೆಲ್ಲಕ್ಕೆ ಹೈಡ್ರೋಸ್ (ಬೆಲ್ಲದ ಬಣ್ಣ ತಿಳಿಯಾಗಿಸುವ ರಾಸಾಯನಿಕ) ಹಾಕುವುದನ್ನು ಬಿಟ್ಟು ಅವರಿಗೆ ಮೂರು ವರ್ಷವಾಯಿತಂತೆ. ಬೆಲ್ಲ ಕಂದು ಬಣ್ಣಕ್ಕೆ ಬರುತ್ತದೆ, ಮಂಡಿಯಲ್ಲಿ ಹಳದಿ ಬೆಲ್ಲದ ಬೆಲೆ ಸಿಗುವುದಿಲ್ಲ. ಅದಕ್ಕೇ ತಾವೇ ಪ್ಯಾಕೆಟ್ ಮಾಡಿ ಮೈಸೂರಿನ ಅಂಗಡಿಗಳಿಗೆ ಹಾಕಲು ಹೊರಟಿದ್ದಾರೆ. ಬೆಂಗಳೂರಿನಲ್ಲಿ ಓದಿದ ಅಕ್ಕನ ಮಗ, ಹೆಸರಿನ ಕೆಳಗೆ ‘ಪ್ಯೂರ್, ನ್ಯಾಚುರಲ್, ಟ್ರೆಡಿಷನಲ್’ ಅಂತ ಹಾಕಿಸೋಣ ಅಂದಿದ್ದಾನೆ. “ದೊಡ್ಡ ಕಂಪನಿಗಳಿಗೆಲ್ಲ ಇಂಥದ್ದೊಂದು ಸಾಲು ಇರುತ್ತೆ. ನಮಗೂ ಬೇಕಾ ಸಾರ್? ಬೇಕು ಅಂದ್ರೆ ಏನು ಬರೆಸಲಿ?” ಅಂತ ಕೇಳಿದ್ದಾರೆ.

ಸಂಪಾದಕರ ಉತ್ತರ:

ನಮಸ್ಕಾರ. ಮೊದಲು ಅಕ್ಕನ ಮಗನ ಮೂರು ಪದಗಳ ವಿಷಯ ಮುಗಿಸಿಬಿಡೋಣ. ಆ ಪದಗಳನ್ನು ಸುಮ್ನೆ ಬರೆಸಿಕೊಳ್ಳುವ ಹಾಗಿಲ್ಲ. ಆಹಾರದ ಜಾಹೀರಾತು ಮತ್ತು ಲೇಬಲ್ ಮೇಲಿನ ಮಾತುಗಳಿಗೆ ದೇಶದ ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ 2018ರಲ್ಲಿ ನಿಯಮ ಮಾಡಿದೆ. ನ್ಯಾಚುರಲ್, ಫ್ರೆಶ್, ಪ್ಯೂರ್, ಟ್ರೆಡಿಷನಲ್ ಇಂಥ ಪದಗಳನ್ನು ಯಾವಾಗ ಬಳಸಬಹುದು, ಯಾವಾಗ ಬಳಸಬಾರದು ಅಂತ ಅದರಲ್ಲಿ ಬಿಡಿಸಿ ಹೇಳಿದ್ದಾರೆ. ಪ್ರಿಂಟಿಂಗ್‌ಗೆ ಕೊಡುವ ಮುಂಚೆ ಲೈಸೆನ್ಸ್ ಮಾಡಿಸಿಕೊಟ್ಟವರ ಹತ್ತಿರ ಒಮ್ಮೆ ಕೇಳಿ. ಸಾವಿರಾರು ಕವರ್ ಅಚ್ಚಾದ ಮೇಲೆ ಗೊತ್ತಾದರೆ ನಷ್ಟ ನಿಮ್ಮದೇ.

ಆದರೆ ನನ್ನ ತಕರಾರು ಬರೀ ಕಾನೂನಿನದ್ದಲ್ಲ. ಆ ಮೂರು ಪದ ಓದಿದರೆ ನಿಮ್ಮ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಎಣ್ಣೆ, ಉಪ್ಪಿನಕಾಯಿ, ಅಗರಬತ್ತಿ, ಸೋಪು, ಯಾವುದರ ಮೇಲೆ ಬೇಕಾದರೂ ಅವನ್ನು ಅಂಟಿಸಬಹುದು, ಅಲ್ವಾ? ಪಕ್ಕದ ಆಲೆಮನೆಯವರು ಹೈಡ್ರೋಸ್ ಹಾಕಿದ ಬೆಲ್ಲಕ್ಕೂ ಅದನ್ನೇ ಹಾಕಿಸಿದರೆ ಕೊಳ್ಳುವವರಿಗೆ ವ್ಯತ್ಯಾಸ ತಿಳಿಯುವುದು ಹೇಗೆ? ನಿಮ್ಮ ಅಡಿಬರಹವನ್ನು ಎದುರಾಳಿ ಒಂದಕ್ಷರ ಬದಲಾಯಿಸದೆ ತನ್ನ ಪ್ಯಾಕೆಟ್ ಮೇಲೆ ಹಾಕಿಕೊಳ್ಳಲು ಆಗುವುದಾದರೆ ಅದು ನಿಮ್ಮದಲ್ಲ. ನಾನು ನೋಡುವ ಪರೀಕ್ಷೆ ಇದೊಂದೇ.

ನಮ್ಮ ಊರಿನಲ್ಲೇ ಈ ಪರೀಕ್ಷೆ ಪಾಸಾದ ಸಾಲೊಂದಿದೆ. ದೇವರಾಜ ಮಾರ್ಕೆಟ್ ಸುತ್ತಮುತ್ತ ಹಳೇ ಅಂಗಡಿಗಳ ಬೋರ್ಡ್ ಓದುತ್ತಾ ನಡೆಯುವುದು ನನ್ನ ಅಭ್ಯಾಸ. ‘ನಮಗೆ ಬೇರೆ ಯಾವ ಶಾಖೆಯೂ ಇಲ್ಲ’ ಅಂತ ಕೆಲವು ಕಡೆ ಬರೆದಿರುತ್ತದೆ. ಯಾವ ಜಾಹೀರಾತು ಏಜೆನ್ಸಿಯೂ ಬರೆದುಕೊಟ್ಟ ಮಾತಲ್ಲ ಅದು. ಆದರೆ ಎಷ್ಟು ಹೇಳುತ್ತದೆ ನೋಡಿ. ಗಲ್ಲಾದಲ್ಲಿ ಕೂತವರೇ ಯಜಮಾನರು, ಸರಕು ಕೆಟ್ಟಿದ್ದರೆ ಇಲ್ಲಿಗೇ ವಾಪಸ್ ತನ್ನಿ, ನಮ್ಮ ಹೆಸರು ಹಾಕಿಕೊಂಡು ಇನ್ನೆಲ್ಲೋ ಮಾರುವವರನ್ನು ನಂಬಬೇಡಿ. ಇಷ್ಟೂ ಐದು ಪದದಲ್ಲಿ ಬಂದಿದೆ. ಹತ್ತು ಶಾಖೆ ಇರುವವನು ಇದನ್ನು ಬರೆಸಿಕೊಳ್ಳಲು ಆಗುವುದೇ ಇಲ್ಲ.

ಇನ್ನೊಂದು ನಮ್ಮ ಯಾದವಗಿರಿಯ ಐಡಿಯಲ್ ಜಾವಾದವರದ್ದು. ಯೆಜ್ಡಿ ಬೈಕಿಗೆ ಅವರು ‘ಫಾರೆವರ್ ಬೈಕ್, ಫಾರೆವರ್ ವ್ಯಾಲ್ಯೂ’ ಅನ್ನುತ್ತಿದ್ದರು. ಅಂದರೆ ಬೈಕ್ ಬಾಳಿಕೆ ಬರುತ್ತೆ, ಬೆಲೆಯೂ ಉಳಿಯುತ್ತೆ ಅಂತ. 1996ರಲ್ಲಿ ಫ್ಯಾಕ್ಟರಿಯೇ ಮುಚ್ಚಿಹೋಯಿತು. ಎಷ್ಟೋ ಮನೆಗಳ ಅನ್ನ ಅದರ ಜೊತೆ ಹೋಯಿತು, ಅದನ್ನು ನೆನೆದರೆ ಇವತ್ತಿಗೂ ಸಂಕಟ. ಆದರೆ ಆ ಗಾಡಿಗಳು ಇನ್ನೂ ಓಡುತ್ತಿವೆ. ಪ್ರತಿ ಜುಲೈ ತಿಂಗಳಲ್ಲಿ ಜಾವಾ-ಯೆಜ್ಡಿ ಇರುವವರು ಒಂದು ದಿನ ಒಟ್ಟಿಗೆ ಸೇರುತ್ತಾರೆ, ಆ ಟೂ ಸ್ಟ್ರೋಕ್ ಸದ್ದು ಕೇಳಿದರೆ ಹಳಬರು ಮನೆಯಿಂದ ಹೊರಗೆ ಬಂದು ನಿಲ್ಲುತ್ತಾರೆ. ಕಂಪನಿ ಹೋದರೂ ಮಾತು ಉಳಿಯಿತು. ಅದಕ್ಕೆ ಕಾರಣ ಆ ಸಾಲಿನ ಚಂದವಲ್ಲ, ಆ ಬೈಕಿನ ಗಟ್ಟಿತನ.

ಎಲ್ಲ ಸಾಲೂ ಹೀಗೆ ನಿಲ್ಲುವುದಿಲ್ಲ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿಗೆ ‘ವರ್ಕಿಂಗ್ ಫಾರ್ ಎ ಬೆಟರ್ ಟುಮಾರೋ’ ಅಂತ ಇತ್ತು. 2017ರ ಏಪ್ರಿಲ್ 1ರಂದು ಬ್ಯಾಂಕು ಎಸ್‌ಬಿಐ ಜೊತೆ ಸೇರಿತು. ಆ ಸಾಲು ಈಗ ಎಷ್ಟು ಜನರಿಗೆ ನೆನಪಿದೆ? ‘ಮೈಸೂರು ಬ್ಯಾಂಕು’ ಅನ್ನುವ ಹೆಸರು ಮಾತ್ರ ಬಾಯಿಂದ ಹೋಗಿಲ್ಲ. ಒಳ್ಳೆಯ ನಾಳೆಗಾಗಿ ದುಡಿಯುತ್ತೇವೆ ಅಂತ ಯಾವ ಬ್ಯಾಂಕ್ ಬೇಕಾದರೂ ಹೇಳಬಹುದು. 1913ರಲ್ಲಿ ಸರ್ ಎಂ.ವಿ. ಕಾಲದಲ್ಲಿ ಈ ನಾಡಿನವರಿಗಾಗಿ ಶುರುವಾದ ಬ್ಯಾಂಕು ಅಂತ ಹೇಳಿಕೊಳ್ಳಲು ಅದೊಂದಕ್ಕೇ ಸಾಧ್ಯವಿತ್ತು.

ನಿಮಗೆ ಬೇಕಾದ ಉದಾಹರಣೆ ಮಾತ್ರ ಅಮೆರಿಕದ್ದು. ಅಲ್ಲಿ ಏವಿಸ್ ಅಂತ ಕಾರು ಬಾಡಿಗೆಗೆ ಕೊಡುವ ಕಂಪನಿ ಇದೆ. ಹರ್ಟ್ಜ್ ಅನ್ನುವ ಕಂಪನಿ ಆಗ ಅದಕ್ಕಿಂತ ತುಂಬಾ ದೊಡ್ಡದಿತ್ತು. ಏವಿಸ್ ವರ್ಷಗಟ್ಟಲೆ ನಷ್ಟದಲ್ಲಿತ್ತು. 1962ರಲ್ಲಿ ಅವರು ಮುಚ್ಚುಮರೆ ಇಲ್ಲದೆ ಹೇಳಿದರು: ನಾವು ಎರಡನೇ ನಂಬರಿನವರು, ಅದಕ್ಕೇ ಜಾಸ್ತಿ ಕಷ್ಟಪಡುತ್ತೇವೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಕಾರಿನೊಳಗಿನ ಆ್ಯಶ್‌ಟ್ರೇ ಗಲೀಜಾಗಿರಬಾರದು, ಪೆಟ್ರೋಲ್ ಟ್ಯಾಂಕ್ ಅರ್ಧ ಖಾಲಿ ಇರಬಾರದು, ವೈಪರ್ ಸವೆದಿರಬಾರದು ಅಂತ ಜಾಹೀರಾತಿನಲ್ಲೇ ಬರೆದರು. ಅಂದರೆ ಗಿರಾಕಿ ಕಾರಿನ ಬಾಗಿಲು ತೆಗೆದ ತಕ್ಷಣ ಈ ಮಾತು ನಿಜವೋ ಸುಳ್ಳೋ ಅಂತ ನೋಡಬಹುದು! ಒಂದೇ ವರ್ಷದಲ್ಲಿ ಕಂಪನಿ ಲಾಭಕ್ಕೆ ಬಂತು. ಆ ಸಾಲನ್ನು ಅವರು ಸುಮಾರು 50 ವರ್ಷ ಇಟ್ಟುಕೊಂಡಿದ್ದರು.

ಅವರು ಮುಚ್ಚಿಡಬೇಕಾದದ್ದನ್ನೇ ಎದುರಿಗೆ ಇಟ್ಟರು, ಗಮನಿಸಿದಿರಾ? ನಿಮ್ಮ ಪತ್ರದಲ್ಲಿ ನೀವು ಮೂರು ಸಲ ಬೆಲ್ಲದ ಬಣ್ಣಕ್ಕೆ ಬೇಜಾರು ಮಾಡಿಕೊಂಡಿದ್ದೀರಿ. ನನ್ನ ಕೇಳಿದರೆ ನಿಮ್ಮ ಸಾಲು ಆ ಬಣ್ಣದಲ್ಲೇ ಇದೆ. ‘ಬಣ್ಣ ಕಂದು, ಹೈಡ್ರೋಸ್ ಹಾಕಿಲ್ಲ.’ ಇಷ್ಟೇ. ಇದರಲ್ಲಿ ಅಲಂಕಾರ ಇಲ್ಲ, ಪ್ರಾಸ ಇಲ್ಲ. ಆದರೆ ಅಂಗಡಿಯಲ್ಲಿ ಹಳದಿ ಬೆಲ್ಲ ನೋಡಿ ನಿಮ್ಮ ಬೆಲ್ಲದ ಕಡೆ ಅನುಮಾನದಿಂದ ತಿರುಗುವವರಿಗೆ ಅಲ್ಲೇ ಉತ್ತರ ಸಿಗುತ್ತದೆ. ಹೈಡ್ರೋಸ್ ಹಾಕುವವನು ಈ ಸಾಲು ಕದಿಯಲು ಆಗುವುದಿಲ್ಲ.

ಆದರೆ ಒಂದು ಎಚ್ಚರಿಕೆ. ಕಂದು ಬಣ್ಣದ ಬೆಲ್ಲವೆಲ್ಲ ಒಳ್ಳೆಯದು ಅಂತ ಜನ ತಿಳಿಯುವ ಹಾಗೆ ಬರೆಯಬೇಡಿ. ಬಣ್ಣ ಮಣ್ಣಿನಿಂದಲೂ ಬರುತ್ತದೆ, ಕಬ್ಬಿನ ತಳಿಯಿಂದಲೂ ಬರುತ್ತದೆ, ಕೊಪ್ಪರಿಗೆಯಲ್ಲಿ ಪಾಕ ಸ್ವಲ್ಪ ಜಾಸ್ತಿ ಕಾದರೂ ಬರುತ್ತದೆ. ಇದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಹಾಗಾಗಿ ಪ್ಯಾಕೆಟ್ಟಿನ ಹಿಂದೆ ನೀವು ಮಾಡುವ ಕೆಲಸ ಬರೆಯಿರಿ. ಬೆಂಡೆ ಗಿಡ ಜಜ್ಜಿ ಅದರ ಲೋಳೆ ಹಾಕಿ ಕಬ್ಬಿನ ರಸದ ಮಡ್ಡಿ ತೆಗೆಯುತ್ತೇವೆ ಅಂತ ನನಗೆ ಬರೆದಿದ್ದೀರಲ್ಲ, ಅದೇ ಮಾತು ಅಲ್ಲಿರಲಿ. ಯಾವ ಊರಿನ ಗದ್ದೆಯ ಕಬ್ಬು, ಯಾವ ವಾರ ಅರೆದದ್ದು, ಅದೂ ಇರಲಿ. ಮೈಸೂರಿನ ಎಷ್ಟೋ ಹುಡುಗರು ಆಲೆಮನೆ ಒಳಗೆ ಕಾಲಿಟ್ಟಿಲ್ಲ. ಅವರಿಗೆ ಇದು ‘ಟ್ರೆಡಿಷನಲ್’ ಅನ್ನುವುದಕ್ಕಿಂತ ಹತ್ತು ಪಾಲು ಹೇಳುತ್ತದೆ. ಜೊತೆಗೆ ಒಂದು ಕೊಪ್ಪರಿಗೆ ಬೆಲ್ಲವನ್ನು ಲ್ಯಾಬ್‌ಗೆ ಕೊಟ್ಟು ಪರೀಕ್ಷೆ ಮಾಡಿಸಿಟ್ಟುಕೊಳ್ಳಿ, ಯಾರಾದರೂ ಕೇಳಿದರೆ ಕಾಗದ ತೋರಿಸಬಹುದು.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಕೆಲವು ವರ್ಷದ ಹಿಂದೆ ನಮ್ಮ ಮನೆಗೆ ಒಂದು ಮಿಕ್ಸಿ ತಂದೆವು. ಡಬ್ಬದ ಮೇಲೆ ‘ಸದಾ ನಿಮ್ಮ ಜೊತೆ’ ಅನ್ನುವ ಅರ್ಥದ ಸಾಲು. ಎಂಟೇ ತಿಂಗಳಿಗೆ ಮೋಟಾರ್ ಹೋಯಿತು. ಸರ್ವೀಸ್ ಸೆಂಟರ್‌ಗೆ ನನ್ನ ಹೆಂಡತಿ ನಾಲ್ಕು ಸಲ ಅಲೆದಳು. ಆ ಸಾಲು ಇರದಿದ್ದರೆ ಹೋಗಲಿ ಬಿಡು ಅನ್ನುತ್ತಿದ್ದಳೇನೋ. ಮಾತು ಕೊಟ್ಟು ಕೈಬಿಟ್ಟರಲ್ಲ ಅನ್ನುವ ಸಿಟ್ಟು ಅವಳಿಗೆ ಇನ್ನೂ ಇದೆ.

ಆದ್ದರಿಂದ ಯಾವುದಾದರೂ ಒಂದು ಕೊಪ್ಪರಿಗೆಗೆ, ಮಳೆಗಾಲದಲ್ಲಿ ಪಾಕ ಸರಿಯಾಗಿ ಕಟ್ಟಲಿಲ್ಲ ಅಂತಲೋ ಕೆಲಸದವರು ಬೇಡ ಅಂದರೂ ಕೇಳಲಿಲ್ಲ ಅಂತಲೋ, ಹೈಡ್ರೋಸ್ ಬಿದ್ದರೆ ಆ ಬೆಲ್ಲವನ್ನು ಈ ಕವರಿಗೆ ತುಂಬಬೇಡಿ. ಅದನ್ನು ಮಂಡಿಗೇ ಹಾಕಿ.

ಇಂಗ್ಲಿಷ್ ಬೇಕಾ ಅಂತಲೂ ಕೇಳಿದ್ದೀರಿ. ಮೈಸೂರಿನಲ್ಲಿ ಮಾರುವಾಗ ಮೊದಲು ಕನ್ನಡ ಇರಲಿ, ಕೆಳಗೆ ಚಿಕ್ಕದಾಗಿ ಇಂಗ್ಲಿಷ್ ಹಾಕಿದರೆ ತಪ್ಪಿಲ್ಲ. ಅಕ್ಕನ ಮಗನಿಗೆ ಬೇಜಾರು ಮಾಡಬೇಡಿ, ಕವರಿನ ಡಿಸೈನ್ ಅವನಿಗೇ ಬಿಡಿ. ಒಂದು ಕಡೆ ಪಾರದರ್ಶಕವಾಗಿರಲಿ ಅಂತ ಮಾತ್ರ ಹೇಳಿ, ಬೆಲ್ಲದ ಬಣ್ಣ ಕಾಣಬೇಕು.

ಸಂಕ್ರಾಂತಿಯ ಎಳ್ಳು-ಬೆಲ್ಲಕ್ಕೆ ಜನ ಬೆಲ್ಲ ಕೊಳ್ಳಲು ಡಿಸೆಂಬರ್ ಕೊನೆಗೇ ಶುರು ಮಾಡುತ್ತಾರೆ. ಆವಾಗ ಎಲ್ಲರೂ ಹುಡುಕುವುದು ಹಳದಿ ಬೆಲ್ಲವನ್ನೇ. ಅಷ್ಟರೊಳಗೆ ನಿಮ್ಮದು ಅಂಗಡಿ ಸೇರಲಿ. ಯಾವ ಅಂಗಡಿಯಲ್ಲಿ ಸಿಗುತ್ತದೆ ಅಂತ ಒಂದು ಕಾರ್ಡ್ ಬರೆಯಿರಿ, ಈ ಸಲದ ಎಳ್ಳು ಬೀರಲು ನಮ್ಮ ಮನೆಗೆ ಅದೇ ಬೆಲ್ಲ.