ಹಳೆಯ ಸೋಡಾ ಬಾಟಲಿಗಳ ತಳ ಗುಂಡಗಿರುತ್ತಿತ್ತು, ಯಾಕೆ?

ಅದನ್ನು ಯಾರೂ ನಿಲ್ಲಿಸಿಡಬಾರದು ಅಂತಲೇ. ಆಗಿನ ಮುಚ್ಚಳ ಕಾರ್ಕಿನ ಬಿರಡೆ. ಬಾಟಲಿ ನಿಂತಿದ್ದರೆ ಬಿರಡೆ ಒಣಗಿ ಕುಗ್ಗುತ್ತದೆ, ಸಂದಿಯಿಂದ ಗ್ಯಾಸ್ ಸೋರಿ ಸೋಡಾ ಸಪ್ಪೆ! ಮಲಗಿಸಿಟ್ಟರೆ ನೀರು ತಾಗಿ ಬಿರಡೆ ಉಬ್ಬಿಕೊಂಡೇ ಇರುತ್ತದೆ. ಡಬ್ಲಿನ್‌ನ ವಿಲಿಯಂ ಹ್ಯಾಮಿಲ್ಟನ್ 1809ರ ಪೇಟೆಂಟಿನಲ್ಲಿ ಇಂಥ ಮೊಟ್ಟೆಯಾಕಾರವನ್ನು ವಿವರಿಸಿದ್ದರಿಂದ ಸಂಗ್ರಾಹಕರು ಚೂಪು ತಳದವನ್ನು 'ಹ್ಯಾಮಿಲ್ಟನ್' ಎನ್ನುತ್ತಾರೆ. ಬದಿ ನೇರವಾಗಿದ್ದು ತಳ ಮಾತ್ರ ಗುಂಡಗಿದ್ದರೆ ಅದು ಬಹುಶಃ ಬೆಲ್‌ಫಾಸ್ಟ್ ಜಿಂಜರ್ ಏಲ್‌ನದು, ಅಂದರೆ ಶುಂಠಿ ರುಚಿಯ ಸೋಡಾದ್ದು.

ಕೊಳ್ಳುವ ಮುಂಚೆ ಬಾಯಿ ನೋಡಿ. ಅಚ್ಚಿನ ಭಾಗಗಳು ಕೂಡುವಲ್ಲಿ ಗಾಜಿನ ಮೇಲೆ ಮೂಡುವ ಗೆರೆ ಕತ್ತಿನಲ್ಲೇ ಮಾಯವಾದರೆ ಬಾಯಿ ಕೈಯಲ್ಲಿ ತಿದ್ದಿದ್ದು, ಹಳೆಯದು. ಅಂಚಿನವರೆಗೂ ಹತ್ತಿದ್ದರೆ ಯಂತ್ರದ್ದು, 20ನೇ ಶತಮಾನದ್ದು.

ನಮ್ಮ ಗೋಲಿಸೋಡಾ ಬಾಟಲಿ ಈ ವಂಶದ್ದಲ್ಲ. ಅದರಲ್ಲಿ ಬಿರಡೆಯ ಕೆಲಸವನ್ನು ಗೋಲಿಯೇ ಮಾಡುವುದರಿಂದ ಅದು ಆರಾಮಾಗಿ ನಿಲ್ಲುತ್ತದೆ.