ಗ್ರಾಫಿನಲ್ಲಿ ಕಾಫಿ ಹಣ್ಣು ಮೂಡಿಸುವ ಬಗೆ

ಪ್ರಶ್ನೆ: ನಮ್ಮ ತೋಟದಲ್ಲಿ ಬಿದ್ದ ಹೂಮಳೆಯ (ಕಾಫಿ ಹೂ ಅರಳಿಸುವ ಮಳೆ) ಲೆಕ್ಕ ಸೆಂಟ್ಸ್‌ನಲ್ಲಿದೆ (ಒಂದು ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ). ಅದನ್ನು ವರ್ಷವಾರು ‘ಆರ್’ ಎಂಬ ಅಂಕಿಅಂಶ ತಂತ್ರಾಂಶದಲ್ಲಿ ಗ್ರಾಫ್ ಮಾಡುತ್ತಿದ್ದೇನೆ. ಚುಕ್ಕೆಗಳ ಬದಲು, ಮಗಳು ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ಬರೆದ ಕಾಫಿ ಹಣ್ಣಿನ ಚಿತ್ರವನ್ನು ಇಟ್ಟು, ಹಣ್ಣಿನ ಗಾತ್ರದಿಂದ ಆ ವರ್ಷದ ಇಳುವರಿಯನ್ನು ತೋರಿಸಬೇಕೆಂದಿದ್ದೇನೆ. ಪಿಎನ್‌ಜಿ ಮಾಡಿ ಸೇರಿಸಿದರೆ ಮುದ್ರಣದಲ್ಲಿ ಅಂಚು ಮಸುಕಾಗುತ್ತದೆ. ಏನು ಮಾಡಲಿ?
— ಕಾಫಿ ಬೆಳೆಗಾರರು, ಕೊಪ್ಪ

ಉತ್ತರ: ಪಿಎನ್‌ಜಿ ಕಡತದಲ್ಲಿ ಬಣ್ಣದ ಚೌಕಗಳಷ್ಟೇ ಇರುವುದರಿಂದ ಹಿಗ್ಗಿಸಿದಾಗ ಅಂಚು ಕೆಡುತ್ತದೆ, ಎಸ್‌ವಿಜಿ ಕಡತದಲ್ಲಿ ರೇಖೆಗಳ ವಿವರವೇ ಇರುವುದರಿಂದ ಎಷ್ಟು ಹಿಗ್ಗಿಸಿದರೂ ಅಂಚು ಸ್ಪಷ್ಟವಾಗಿರುತ್ತದೆ. ಆದ್ದರಿಂದ ಮಗಳು ಬರೆದ ಚಿತ್ರವನ್ನು ಎಸ್‌ವಿಜಿಯಾಗಿಯೇ ಉಳಿಸಿಕೊಳ್ಳಿ. ಅದನ್ನು ಆರ್‌ಗೆ ತರಲು ಸೈಮನ್ ಪಾಟರ್ ಮತ್ತು ಆಕ್ಲೆಂಡ್ ವಿಶ್ವವಿದ್ಯಾಲಯದ ಪಾಲ್ ಮರೆಲ್ ರೂಪಿಸಿದ ‘ಜಿಆರ್‌ಇಂಪೋರ್ಟ್2’ ಎಂಬ ಪ್ಯಾಕೇಜ್ (ಆರ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ತಂತ್ರಾಂಶ) ಇದೆ. ಇದಕ್ಕೂ ಹಿಂದಿನ ‘ಜಿಆರ್‌ಇಂಪೋರ್ಟ್’ ಪೋಸ್ಟ್‌ಸ್ಕ್ರಿಪ್ಟ್ ಎಂಬ ಮುದ್ರಣದ ಬಗೆಯ ಕಡತಗಳನ್ನು ಘೋಸ್ಟ್‌ಸ್ಕ್ರಿಪ್ಟ್ ತಂತ್ರಾಂಶದ ನೆರವಿನಿಂದ ಓದುತ್ತದೆ. ಪೋಸ್ಟ್‌ಸ್ಕ್ರಿಪ್ಟ್‌ನಲ್ಲಿ ಪಾರದರ್ಶಕ ಬಣ್ಣಕ್ಕೆ ಎಡೆಯಿಲ್ಲದ ಕಾರಣ ನಿಮಗೆ ಹೊಸದೇ ಸೂಕ್ತ.

ಇಲ್ಲಿ ಹಲವರು ಎಡವುವ ಜಾಗ ಒಂದಿದೆ. ಜಿಆರ್‌ಇಂಪೋರ್ಟ್2 ಓದುವುದು ‘ಕೈರೋ’ ಎಂಬ ಚಿತ್ರರಚನೆಯ ತಂತ್ರಾಂಶ ಬರೆದ ಬಗೆಯ ಎಸ್‌ವಿಜಿಯನ್ನು ಮಾತ್ರ. ಇಂಕ್‌ಸ್ಕೇಪ್‌ನ ಕಡತವನ್ನು ನೇರವಾಗಿ ಕೊಡದೆ, ಮೊದಲು ‘ಆರ್‌ಎಸ್‌ವಿಜಿ’ ಪ್ಯಾಕೇಜಿನಿಂದ ಮರಳಿ ಆ ಬಗೆಯ ಎಸ್‌ವಿಜಿಯಾಗಿ ಬರೆಸಿ, ಆಮೇಲೆ ‘ರೀಡ್‌ಪಿಕ್ಚರ್’ ಆಜ್ಞೆಯಿಂದ ಓದಿಸಿ. ಒಂದೇ ಚಿತ್ರವನ್ನು ಹಲವು ಬಿಂದುಗಳಲ್ಲಿ ಇಡಲು ‘ಗ್ರಿಡ್.ಸಿಂಬಲ್ಸ್’ ಇದೆ, ಗ್ರಾಫನ್ನು ಆರ್‌ನ ಗ್ರಾಫ್ ಪ್ಯಾಕೇಜಾದ ‘ಲ್ಯಾಟಿಸ್’ನಲ್ಲಿ ಮಾಡಿ, ಅದರ ಪ್ಯಾನೆಲ್ ಫಂಕ್ಷನ್ನಿನೊಳಗೆ (ಗ್ರಾಫಿನ ಒಳಭಾಗವನ್ನು ಬರೆಯುವ ಆಜ್ಞೆಗಳ ಗುಂಪು) ಈ ಆಜ್ಞೆಯನ್ನು ಕರೆದು, ಏಕಮಾನವನ್ನು ‘ನೇಟಿವ್’ ಎಂದು ಕೊಟ್ಟರೆ ಹಣ್ಣುಗಳು ನಿಮ್ಮ ವರ್ಷ ಮತ್ತು ಸೆಂಟ್ಸ್‌ಗಳ ಅಳತೆಯಲ್ಲೇ ಕೂರುತ್ತವೆ.

ಗಾತ್ರದ ವಿಷಯದಲ್ಲಿ ಮಾತ್ರ ದಯವಿಟ್ಟು ಎಚ್ಚರ ವಹಿಸಿ. ಇಳುವರಿ ಇಮ್ಮಡಿಯಾದ ವರ್ಷ ಹಣ್ಣಿನ ಎತ್ತರವನ್ನೂ ಇಮ್ಮಡಿ ಮಾಡಿದರೆ ಅಗಲವೂ ಅಷ್ಟೇ ಹೆಚ್ಚಿ, ಹಣ್ಣು ಕಾಗದದ ಮೇಲೆ ನಾಲ್ಕರಷ್ಟು ಜಾಗ ತುಂಬುತ್ತದೆ. ನೋಡುವವರ ಕಣ್ಣು ಎತ್ತರಕ್ಕಿಂತ ಆ ಜಾಗವನ್ನೇ ಅಳೆಯುವುದರಿಂದ ಫಸಲು ಇದ್ದುದಕ್ಕಿಂತ ಬಹಳ ಹೆಚ್ಚಾಗಿ ತೋರುತ್ತದೆ. ಇಳುವರಿಯ ವರ್ಗಮೂಲಕ್ಕೆ ತಕ್ಕಂತೆ ಎತ್ತರ ಕೊಟ್ಟರೆ, ಅಂದರೆ ಇಮ್ಮಡಿ ಇಳುವರಿಗೆ ಸುಮಾರು 1.41 ಪಟ್ಟು ಎತ್ತರ ಕೊಟ್ಟರೆ, ಲೆಕ್ಕ ಸರಿಹೋಗುತ್ತದೆ. ಅಷ್ಟಾದರೂ ಗಾತ್ರದಿಂದ ನಿಖರವಾಗಿ ಓದುವುದು ಕಷ್ಟವೇ ಆದುದರಿಂದ, ಇಳುವರಿಯ ಅಂಕಿಯನ್ನು ಪ್ರತಿ ಹಣ್ಣಿನ ಪಕ್ಕದಲ್ಲಿ ಬರೆಯುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಚಿತ್ರದಲ್ಲಿ ಬಣ್ಣದ ಏರಿಳಿತದ ಛಾಯೆ ಬೇಡ, ಒಂದೇ ಬಣ್ಣ ತುಂಬಿರಲಿ. ಕನ್ನಡ ಅಕ್ಷರಗಳಿದ್ದರೆ ಇಂಕ್‌ಸ್ಕೇಪ್‌ನಲ್ಲೇ ‘ಆಬ್ಜೆಕ್ಟ್ ಟು ಪಾತ್’ ಆಜ್ಞೆಯಿಂದ ಅವುಗಳನ್ನು ರೇಖೆಗಳಾಗಿ ಬದಲಿಸಿ. ಆಗ ಬೇರೆ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದಿದ್ದರೂ ಒತ್ತಕ್ಷರ ಕೆಡುವುದಿಲ್ಲ. ಮುಗಿದ ಗ್ರಾಫನ್ನು ಪಿಡಿಎಫ್ ಆಗಿ ಉಳಿಸಿ ಮುದ್ರಣಾಲಯಕ್ಕೆ ಕೊಡಿ, ಏಕೆಂದರೆ ಪಿಎನ್‌ಜಿಯಾಗಿ ಉಳಿಸಿದರೆ ರೇಖೆಗಳೆಲ್ಲ ಮತ್ತೆ ಚೌಕಗಳಾಗಿಬಿಡುತ್ತವೆ.