ಡ್ರ್ಯಾಗ್ ಕಾರಿಗೆ ಹಿಂದಿನ ಟೈರ್ ಯಾವುದು?

ಪ್ರಶ್ನೆ: ನನ್ನದು ಮ್ಯಾನ್ಯುವಲ್ ಗೇರಿನ ಡ್ರ್ಯಾಗ್ ಕಾರು (ನೇರ ಹಾದಿಯ ವೇಗದ ಓಟಕ್ಕೆ ಬಳಸುವ ಕಾರು), ಟ್ರ್ಯಾಕಿನಲ್ಲಷ್ಟೇ ಓಡಿಸುತ್ತೇನೆ. ಹಿಂದಕ್ಕೆ ಸ್ಲಿಕ್ (ಗೆರೆಗಳಿಲ್ಲದ ನುಣುಪು ರೇಸ್ ಟೈರ್) ಹಾಕಿಸಲೇ, ಡ್ರ್ಯಾಗ್ ರೇಡಿಯಲ್ (ಒಳನೂಲುಗಳು ಅಂಚಿನಿಂದ ಅಂಚಿಗೆ ನೇರವಾಗಿರುವ ಡ್ರ್ಯಾಗ್ ಟೈರ್) ಹಾಕಿಸಲೇ?

ಉತ್ತರ: ನಾನಂತೂ ಬಯಾಸ್-ಪ್ಲೈ (ಒಳನೂಲುಗಳು ಓರೆಯಾಗಿ ಹೆಣೆದಿರುವ) ಸ್ಲಿಕ್ಕನ್ನೇ ಹೇಳುತ್ತೇನೆ. ಕ್ಲಚ್ ಬಿಟ್ಟಾಗ ಬೀಳುವ ಏಟನ್ನು ಅದರ ಮೆತ್ತನೆಯ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಸುಕ್ಕುಗಟ್ಟಿ ನುಂಗಿಕೊಳ್ಳುತ್ತದೆ. ಆಕ್ಸಲ್ (ಚಕ್ರ ತಿರುಗಿಸುವ ಅಚ್ಚು) ಮೇಲಿನ ಹೊಡೆತವೂ ತಗ್ಗುತ್ತದೆ. ರೇಡಿಯಲ್‌ಗೆ ಅಷ್ಟು ಬಳುಕಿಲ್ಲ, ಅದು ಆಟೋಮ್ಯಾಟಿಕ್‌ಗೆ ಚೆನ್ನಾಗಿ ಒಗ್ಗುತ್ತದೆ. ಗಾಳಿಯ ಒತ್ತಡವನ್ನು ಟೈರ್ ತಯಾರಕರು ಹೇಳಿದಲ್ಲಿಂದ ಶುರುಮಾಡಿ, ಆಮೇಲೆ ಟೈರ್ ನೆಲದ ಮೇಲೆ ಬಿಟ್ಟ ಕಪ್ಪು ಗುರುತನ್ನು ಬಗ್ಗಿ ನೋಡಿ. ಅಂಚುಗಳೇ ದಟ್ಟವಾಗಿದ್ದರೆ ಗಾಳಿ ಕಡಿಮೆ, ನಡುಭಾಗ ದಟ್ಟವಾಗಿದ್ದರೆ ಹೆಚ್ಚು. ತಿದ್ದುವಾಗ ಅರ್ಧ ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಸಾಕು, ಅವಸರ ಬೇಡ. ಎತ್ತರದ ಟೈರ್ ಹಾಕಿದರೆ ಗೇರಿಂಗ್ (ಎಂಜಿನ್‌ನ ಒಂದು ಸುತ್ತಿಗೆ ಕಾರು ಸಾಗುವ ದೂರ) ಬದಲಾದಂತೆಯೇ. ಕೊಳ್ಳುವ ಮುನ್ನವೇ ಆ ಲೆಕ್ಕ ಹಾಕಿ.